ಕಿಂಗ್ಸ್ ಸರ್ಕಲ್ ಗಲ್ಲಿಯ ಡಾಕ್ಟರಮ್ಮನ ಕ್ಲಿನಿಕ್: ಮುಂಬೈಯ ಹೋಟೆಲ್ ಹುಡುಗರು ಓದಲೇಬೇಕು

ಊರಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು ನನ್ನ ಹತ್ತಿರ ಮೊದಲು ಕೇಳುವುದು ಎರಡು ವಿಷಯ. ಮನೆಗೆ ದುಡ್ಡು ಕಳಿಸುವುದು ಹೇಗೆ, ಹುಷಾರಿಲ್ಲದಿದ್ದರೆ ಹೋಗುವುದು ಎಲ್ಲಿಗೆ. ಮೊದಲನೆಯದಕ್ಕೆ ಈಗ ಫೋನ್ ಸಾಕು. ಎರಡನೆಯದಕ್ಕೆ ನನ್ನ ಉತ್ತರ ಒಂದೇ. ಮಾಟುಂಗಾ ಪೂರ್ವದಲ್ಲಿ, ಕಿಂಗ್ಸ್ ಸರ್ಕಲ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದಾದ ಗಲ್ಲಿಯಲ್ಲಿ ಇರುವ ಡಾಕ್ಟರಮ್ಮನ ಕ್ಲಿನಿಕ್. ಹೆಸರು ಎಲ್ಲಿಯೂ ಹಾಕಬೇಡಿ ಎಂದು ಅವರೇ ಹೇಳಿದ್ದಾರೆ, ಹಾಗಾಗಿ ಹಾಕುವುದಿಲ್ಲ. ಈ ಕಡೆಯ ಹೋಟೆಲುಗಳಲ್ಲಿ ಗಲ್ಲೆಯಲ್ಲಿ ಕೂತವರನ್ನು ಕೇಳಿ, ದಾರಿ ಹೇಳುತ್ತಾರೆ.

ನಾನು ಬೈಂದೂರಿನ ಕಡೆಯವನು. ಸಪ್ಲಾಯರ್ ಆಗಿ ಬಂದು ಈಗ ಮ್ಯಾನೇಜರ್ ಆಗಿದ್ದೇನೆ. ಭಟ್ಟರು, ಸಪ್ಲಾಯರುಗಳು, ಕ್ಲೀನರುಗಳು ಎಲ್ಲರ ಹೊಟ್ಟೆನೋವು, ಜ್ವರ, ಬೆನ್ನುನೋವು ನನ್ನ ಹತ್ತಿರವೇ ಬರುತ್ತದೆ. ಹಾಗಾಗಿ ಹಲವು ಡಾಕ್ಟರುಗಳ ಬಾಗಿಲು ನೋಡಿದ್ದೇನೆ. ಒಂದು ಇಂಜೆಕ್ಷನ್, ಮೂರು ಬಣ್ಣದ ಮಾತ್ರೆ, ನಾಳೆ ಡ್ಯೂಟಿಗೆ ಹೋಗು. ಬಹಳ ಕಡೆ ಇಷ್ಟೇ. ಹುಡುಗರಿಗೂ ಬೇಕಾಗಿರುವುದು ಅದೇ, ಯಾಕೆಂದರೆ ಒಂದು ದಿನ ರಜೆ ಹಾಕಿದರೆ ಒಂದು ದಿನದ ಪಗಾರ ಹೋಯಿತು.

ನಿಜ ಹೇಳಬೇಕೆಂದರೆ ಅಷ್ಟರಲ್ಲೇ ಹೆಚ್ಚಿನವರಿಗೆ ಗುಣವೂ ಆಗುತ್ತದೆ. ಸಾಧಾರಣ ತಲೆನೋವು, ಕೆಮ್ಮು, ಎದೆಯುರಿ ಬಹುಪಾಲು ತಾವಾಗಿಯೇ ಹೋಗುವಂಥವು. ಆದರೆ ಅವುಗಳ ಜೊತೆಗೇ, ನೋಡಲು ಹಾಗೆಯೇ ಇರುವ, ಒಳಗೆ ಬೇರೆಯೇ ಇರುವ ಒಂದು ಬರುತ್ತದೆ. ಅಕ್ಕಿ ಆರಿಸುವಾಗ ಬಿಳಿ ಕಲ್ಲು ಕಣ್ಣಿಗೆ ಬೀಳುವುದಿಲ್ಲವಲ್ಲ, ಹಾಗೆ. ಆ ಕಲ್ಲನ್ನು ಹುಡುಕುವುದರಲ್ಲಿ ಈ ಡಾಕ್ಟರಮ್ಮ ಗಟ್ಟಿ. ನಾನು ಈ ಕ್ಲಿನಿಕ್ಕಿಗೆ ಪೂರ್ತಿ ಐದು ಸ್ಟಾರ್ ಕೊಡುವುದು ಅದಕ್ಕೇ.

ಮೊದಲು ಹೊರಗಿನ ಬೆಂಚಿನ ಮಾತು ಹೇಳಬೇಕು. ಅಲ್ಲಿಯ ಕಂಪೌಂಡರ್ ಬಾಯಿ (ಮರಾಠಿಯಲ್ಲಿ ಹೆಂಗಸಿಗೆ ಬಾಯಿ ಎನ್ನುತ್ತಾರೆ) ಮರಾಠಿಯವರು, ಐವತ್ತು ದಾಟಿದವರು. ನಂಬರ್ ಬರೆದುಕೊಳ್ಳುವಾಗ ತಲೆ ಎತ್ತಿ ಮುಖ ನೋಡುತ್ತಾರೆ. ಉಸಿರು ಜೋರಾಗಿದೆಯಾ, ಬೆವರಿದೆಯಾ, ಮಗು ತಾಯಿಯ ಹೆಗಲ ಮೇಲೆ ಸುಮ್ನೆ ಮಲಗಿದೆಯಾ, ಇಲ್ಲ ಎಬ್ಬಿಸಿದರೂ ಏಳದಷ್ಟು ಸೋತಿದೆಯಾ. ಅಂಥವರಿಗೆ ನಂಬರ್ ಇಲ್ಲ, ನೇರ ಒಳಗೆ. ಬಸುರಿ ಹೆಂಗಸು ತಲೆನೋವು ಎಂದರೂ ನೇರ ಒಳಗೆ. ಒಮ್ಮೆ ಒಬ್ಬರು ಇದಕ್ಕೆ ಜಗಳ ತೆಗೆದರು. ಬಾಯಿ ಶಾಂತವಾಗಿ ಹೇಳಿದರು: ಬಸುರಿಯಲ್ಲಿ ತಲೆನೋವು, ಕಣ್ಣು ಮಂಜು, ಮುಖ ಊದಿದ್ದು ಇದ್ದರೆ ಬಿಪಿ ಏರಿರಬಹುದು, ಫಿಟ್ಸ್ ಬರಬಹುದು, ತಾಯಿಗೂ ಮಗುವಿಗೂ ಅಪಾಯ, ನೀವು ಹತ್ತು ನಿಮಿಷ ಕೂತರೆ ಏನೂ ಆಗುವುದಿಲ್ಲ. ಜಗಳ ತೆಗೆದವರು ಎದ್ದು ಜಾಗ ಬಿಟ್ಟುಕೊಟ್ಟರು.

ಒಳಗೆ ಹೋದರೆ ಮೊದಲು ಅಳತೆ. ನಾಡಿ, ಉಸಿರು, ಬಿಪಿ, ಜ್ವರ, ಬೆರಳಿಗೆ ಆಕ್ಸಿಜನ್ ನೋಡುವ ಚಿಮಟ. ಇವು ಬರೆಯದೆ ಕೇಸ್ ಪೇಪರ್ ಮುಂದೆ ಹೋಗುವುದಿಲ್ಲ. ನೆಗಡಿಗೂ ಅಷ್ಟೇ, ಗಾಯಕ್ಕೂ ಅಷ್ಟೇ. ನನಗೆ ಮೊದಮೊದಲು ಇದು ಸಮಯ ದಂಡ ಅನಿಸುತ್ತಿತ್ತು. ಈಗ ನಮ್ಮ ಹುಡುಗರ ಹಳೆಯ ಪೇಪರ್‌ಗಳೆಲ್ಲ ಅಲ್ಲಿವೆ. ಒಬ್ಬನ ನಾಡಿ ಯಾವಾಗಲೂ ಎಪ್ಪತ್ತರ ಆಸುಪಾಸು ಇದ್ದು ಇವತ್ತು ನೂರ ಇಪ್ಪತ್ತಾಗಿದ್ದರೆ, ಅವನು ಬಾಯಲ್ಲಿ ಏನೇ ಹೇಳಲಿ, ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಮತ್ತೆ ಮೊದಲಿನಿಂದ ಕೇಳುತ್ತಾರೆ.

ನಮ್ಮ ಭಟ್ಟರ ವಿಷಯ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಐವತ್ತರ ಮೇಲಿನ ಪ್ರಾಯ, ಸಕ್ಕರೆ ಕಾಯಿಲೆ ಹಳೆಯದು. ಬೆಳಗಿನ ಇಡ್ಲಿ ಇಳಿಸುವ ಹೊತ್ತಿಗೆ ಎದೆಯ ಕೆಳಗೆ, ಹೊಟ್ಟೆಯ ಮೇಲಿನ ಗುಳಿಯಲ್ಲಿ ಉರಿ. ಎರಡು ಸಲ ವಾಂತಿ. "ಗ್ಯಾಸ್ ಮಾರಾಯ್ರೆ, ರಾತ್ರಿ ಊಟ ತಡ ಆಯ್ತಲ್ಲ" ಎಂದರು. ಜೀರಿಗೆ ಕಷಾಯ ಕುಡಿದರು, ಈನೋ ಕುಡಿದರು, ತೇಗು ಬಂತು, ಸ್ವಲ್ಪ ಹಗುರ ಎಂದರು. ಆದರೂ ಮುಖ ಸರಿ ಕಾಣಲಿಲ್ಲ. ನಾನು ಗಲ್ಲೆ ಬೇರೆಯವರಿಗೆ ಕೊಟ್ಟು ಅವರ ಜೊತೆ ಹೋದೆ. ಬೆಂಚಿನ ಹತ್ತಿರ ಹೋಗುತ್ತಿದ್ದ ಹಾಗೆ ಬಾಯಿ ಭಟ್ಟರ ಹಣೆ ಮುಟ್ಟಿ ನೋಡಿದರು. ತಣ್ಣನೆಯ ಬೆವರು. ಒಂದು ಮಾತೂ ಆಡದೆ ಒಳಗೆ ಕರೆದುಕೊಂಡು ಹೋಗಿ ಮಲಗಿಸಿದರು.

ಡಾಕ್ಟರಮ್ಮ ಕುಮಟಾದ ಕಡೆಯವರು. ಕನ್ನಡದಲ್ಲೇ ಕೇಳಿದರು.

"ಭಟ್ರೇ, ಉರಿ ಎಲ್ಲಿ? ಒಂದು ಬೆರಳಲ್ಲಿ ತೋರಿಸ್ತೀರಾ?"

ಭಟ್ಟರು ಬೆರಳು ಇಡಲಿಲ್ಲ. ಅಂಗೈಯನ್ನೇ ಎದೆಯ ಮೇಲೆ ಇಟ್ಟು ಒತ್ತಿದರು.

"ಈ ವಾರ ಮೆಟ್ಟಿಲು ಹತ್ತುವಾಗ ಹೀಗೆ ಆಗಿ, ನಿಂತರೆ ಹೋಗಿತ್ತಾ?"

"ಆಗಿತ್ತು ಅಮ್ಮ. ಆದ್ರೆ ಅದು ಗ್ಯಾಸೇ."

"ದವಡೆ? ಹೆಗಲು?"

"ಹಲ್ಲು ಸ್ವಲ್ಪ ಜುಮ್ ಅಂತಿದೆ."

ಈ ಮಾತಿನ ಹೊತ್ತಿಗೆ ಇಸಿಜಿ ತಂತಿಗಳು ಹಚ್ಚಿ ಆಗಿತ್ತು. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎನ್ನುವುದು ವೈದ್ಯರ ಲೆಕ್ಕ. ಅವರು ಹೊಟ್ಟೆಯುರಿ ಎಂದವರಿಗೂ ಹಾಗೆಯೇ ಮಾಡುತ್ತಾರೆ, ಸಕ್ಕರೆ ಕಾಯಿಲೆಯವರಾದರೆ ಇನ್ನೂ ಬೇಗ. ಯಾಕೆಂದರೆ ಸಕ್ಕರೆ ಇರುವವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಎದೆನೋವೇ ಇಲ್ಲದೆ ಬರುತ್ತದೆ. ಬರೀ ಸುಸ್ತು, ವಾಂತಿ, ಉಬ್ಬಸ, ಬೆವರು. ಹೃದಯದ ಕೆಳಭಾಗಕ್ಕೆ ಪೆಟ್ಟು ಬಿದ್ದರೆ ನೋವು ಹೊಟ್ಟೆಯಲ್ಲೇ ಇದ್ದ ಹಾಗೆ ಅನಿಸುತ್ತದೆ. ಗ್ಯಾಸಿನ ಔಷಧ ಕುಡಿದು ಹಗುರವಾಯಿತು ಎಂದ ಮಾತ್ರಕ್ಕೆ ಅದು ಗ್ಯಾಸೇ ಎಂದು ಹೇಳಲು ಬರುವುದಿಲ್ಲ. ಇದು ನಮ್ಮ ಹೋಟೆಲ್ ಜನರಿಗೆ ಗೊತ್ತಾಗಲೇಬೇಕಾದ ವಿಷಯ. ನಮ್ಮಲ್ಲಿ ಊಟದ ಹೊತ್ತು ಸರಿ ಇಲ್ಲ, ನಿದ್ದೆ ಸರಿ ಇಲ್ಲ, ಎಲ್ಲರಿಗೂ ಗ್ಯಾಸ್ ಇದೆ. ಹಾಗಾಗಿ ಎಲ್ಲವೂ ಗ್ಯಾಸ್.

ಮೊದಲ ಇಸಿಜಿ ಪಟ್ಟಿಯಲ್ಲಿ ಖಚಿತವಾಗಿ ಏನೂ ಕಾಣಲಿಲ್ಲ. ಬೇರೆಯವರಾಗಿದ್ದರೆ ಅಲ್ಲಿಗೇ ಮನೆಗೆ ಕಳಿಸುತ್ತಿದ್ದರೋ ಏನೋ. ಇವರು ಕಳಿಸಲಿಲ್ಲ. ಭಟ್ಟರಿಗೆ ಆಸ್ಪಿರಿನ್ ಮಾತ್ರೆ ಅಗಿಯಲು ಕೊಟ್ಟರು, ನನಗೆ 108ಕ್ಕೆ ಫೋನ್ ಮಾಡಲು ಹೇಳಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಇನ್ನೊಂದು ಪಟ್ಟಿ ತೆಗೆದರು. ಎರಡೂ ಪಟ್ಟಿಗಳನ್ನು ಮೇಜಿನ ಮೇಲೆ ಒಂದರ ಕೆಳಗೆ ಒಂದು ಇಟ್ಟು ನನ್ನನ್ನೂ ಕರೆದು ತೋರಿಸಿದರು. ಮೊದಲನೆಯದರಲ್ಲಿ ಚಪ್ಪಟೆಯಾಗಿದ್ದ ಗೆರೆ ಎರಡನೆಯದರಲ್ಲಿ ಗುಡ್ಡದ ಹಾಗೆ ಎದ್ದಿತ್ತು. ಏನೂ ಓದಲು ಬಾರದ ನನಗೂ ಅದು ಕಂಡಿತು. ಎರಡನ್ನೂ ಪಿನ್ನು ಹಾಕಿ, ನೋವು ಶುರುವಾದ ಹೊತ್ತು, ಆಸ್ಪಿರಿನ್ ಕೊಟ್ಟ ಹೊತ್ತು, ದಿನವೂ ತಿನ್ನುವ ಸಕ್ಕರೆ ಮಾತ್ರೆಯ ಹೆಸರು ಬರೆದು ಕೊಟ್ಟರು. ಸಯನ್ ಆಸ್ಪತ್ರೆಯಲ್ಲಿ ಆ ಚೀಟಿ ನೋಡಿದ ಕೂಡಲೇ ಭಟ್ಟರನ್ನು ಒಳಗೆ ತೆಗೆದುಕೊಂಡರು. ಸ್ಟೆಂಟ್ ಹಾಕಿದರು. ಈಗ ಮತ್ತೆ ಅಡುಗೆ ಮನೆಯಲ್ಲಿದ್ದಾರೆ. ಭಾರದ ಪಾತ್ರೆ ಎತ್ತಲು ನಾನು ಬಿಡುವುದಿಲ್ಲ.

ಮಳೆಗಾಲದ ಜ್ವರದ ವಿಷಯಕ್ಕೆ ಬರುತ್ತೇನೆ. ಮುಂಬೈಯಲ್ಲಿ ಇದ್ದವರಿಗೆ 2005ರ ಜುಲೈ 26 ಮರೆಯುವುದಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ನೀರು ಇಳಿದ ಮೇಲೆ ಇಲಿಜ್ವರ, ಅಂದರೆ ಲೆಪ್ಟೊ, ಊರನ್ನೇ ಹಿಡಿಯಿತು. ಇಲಿ, ನಾಯಿ, ದನಗಳ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದರೆ ರೋಗಾಣು ಒಳಗೆ ಹೋಗುತ್ತದೆ. ಜ್ವರ ಬರುವುದು ಸಾಮಾನ್ಯವಾಗಿ ಒಂದೆರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ನೀರಿನಲ್ಲಿ ನಡೆದದ್ದೇ ನೆನಪಿರುವುದಿಲ್ಲ. ಜೋರು ಮಳೆ ಬಂದರೆ ಗಾಂಧಿ ಮಾರ್ಕೆಟ್, ಹಿಂದಮಾತಾ ಕಡೆ ನೀರು ನಿಲ್ಲುತ್ತದೆ. ನಮ್ಮ ಕ್ಲೀನರ್ ಹುಡುಗರು ಹವಾಯಿ ಚಪ್ಪಲಿಯಲ್ಲಿ ಆ ನೀರಿನಲ್ಲೇ ಓಡಾಡುತ್ತಾರೆ. ದಿನವಿಡೀ ಒದ್ದೆಯಲ್ಲಿ ನಿಂತು ಬೆರಳ ಸಂದಿ ಬಿರಿದಿರುತ್ತದೆ.

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಜೂನ್ ಬಂದರೆ ಜ್ವರದವರಿಗೆಲ್ಲ ಮೊದಲ ಪ್ರಶ್ನೆ ಅದೇ: ನೀರಿನಲ್ಲಿ ನಡೆದಿದ್ದೀಯಾ? ನಮ್ಮ ಒಬ್ಬ ಹುಡುಗನನ್ನು ನೋಡಿದ ರೀತಿ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಮೈಕೈ ನೋವು, ಜ್ವರ ಎಂದ. ಎಲ್ಲ ಜ್ವರದಲ್ಲೂ ಮೈಕೈ ನೋವು ಇರುತ್ತದೆ ಅಲ್ವಾ. ಅವರು ಅವನ ಮೀನಖಂಡವನ್ನು ಮೆಲ್ಲಗೆ ಹಿಂಡಿದರು. ಹುಡುಗ ಬೆಂಚಿನಿಂದ ಎದ್ದೇಬಿಟ್ಟ. ಕೆಳಗಿನ ರೆಪ್ಪೆ ಎಳೆದು ನೋಡಿದರು, ಕಣ್ಣು ಕೆಂಪು, ಆದರೆ ಪಿಸುರು ಇಲ್ಲ. "ಬೆಳಿಗ್ಗೆಯಿಂದ ಎಷ್ಟು ಸಲ ಒಂದಕ್ಕೆ ಹೋದೆ?" ಎಂದು ಕೇಳಿದರು. ಅವನು ನನ್ನ ಮುಖ ನೋಡಿದ. ಒಂದು ಸಲ, ಅದೂ ಸ್ವಲ್ಪ. ಅಷ್ಟು ಸಾಕಾಯಿತು. ರಕ್ತದ ರಿಪೋರ್ಟ್ ಬರುವ ತನಕ ಕಾಯದೆ ಅವತ್ತೇ ದೊಡ್ಡಾಸ್ಪತ್ರೆಗೆ ಕಳಿಸಿದರು. ಲೆಪ್ಟೊ ಜೋರಾದರೆ ಕಿಡ್ನಿ ಕೆಡುತ್ತದೆ, ಕಾಮಾಲೆ ಬರುತ್ತದೆ, ಶ್ವಾಸಕೋಶದಲ್ಲಿ ರಕ್ತ ಸುರಿಯುತ್ತದೆ. ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ ಓಡಿದರೆ ಬಹಳ ತಡ. ಅವನು ವಾರ್ಡಿನಲ್ಲಿ ಮಲಗಿದ್ದು ಗುಣವಾಗಿ ಬಂದ. ಈಗ ಅವನೇ ಉಳಿದವರಿಗೆ ಗಮ್ ಬೂಟು ಹಾಕಿಸುತ್ತಾನೆ.

ನೆರೆನೀರಿನಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡು ತಡೆ ಔಷಧ ತೆಗೆದುಕೊಳ್ಳಿ ಎಂದು ಮುಂಬೈ ಮಹಾನಗರಪಾಲಿಕೆಯೂ ಮಳೆಗಾಲದಲ್ಲಿ ಹೇಳುತ್ತದೆ. ದೊಡ್ಡವರಿಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಬೇರೆ. ಪಾಲಿಕೆಯ ದವಾಖಾನೆಯಲ್ಲಿ ಪುಕ್ಕಟೆ. ಡಾಕ್ಟರಮ್ಮ ನಮ್ಮವರನ್ನೂ ಅಲ್ಲಿಗೇ ಕಳಿಸುತ್ತಾರೆ. ತಮ್ಮಲ್ಲಿ ಕೊಟ್ಟು ಫೀಸು ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳುವುದಿಲ್ಲ.

ಡೆಂಗ್ಯೂ ಬಗ್ಗೆ ಅವರು ಹೇಳಿಕೊಟ್ಟದ್ದು ನನಗೆ ಹೊಸ ವಿಷಯ. ಜ್ವರ ಏರಿದಾಗ ಎಲ್ಲರೂ ಹೆದರುತ್ತಾರೆ, ಇಳಿದಾಗ ಡ್ಯೂಟಿಗೆ ಬರುತ್ತಾರೆ. ಡೆಂಗ್ಯೂವಿನಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ. ಮೂರನೇ ದಿನದಿಂದ ಏಳನೇ ದಿನದೊಳಗೆ, ಒಂದೆರಡು ದಿನ. ಆಗ ರಕ್ತನಾಳದಿಂದ ನೀರಿನ ಅಂಶ ಸೋರುತ್ತದೆ. ಹೊಟ್ಟೆ ಬಿಡದೆ ನೋಯುವುದು, ಪದೇ ಪದೇ ವಾಂತಿ, ವಸಡಿನಲ್ಲಿ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು, ಮಂಕು ಅಥವಾ ಚಡಪಡಿಕೆ. ಇವುಗಳಲ್ಲಿ ಒಂದು ಕಂಡರೂ ಜ್ವರ ಬಿಟ್ಟಿದೆ ಎಂದು ಖುಷಿಪಡಬಾರದು. ಎಲ್ಲರೂ ಪ್ಲೇಟ್ಲೆಟ್ ಎಷ್ಟು ಎಂದು ಮಾತ್ರ ಕೇಳುತ್ತಾರೆ. ಅವರು ಅದರ ಪಕ್ಕದ ಹೆಮಟೋಕ್ರಿಟ್ ಎಂಬ ಅಂಕೆಯ ಮೇಲೂ ಬೆರಳು ಇಡುತ್ತಾರೆ. ಪ್ಲೇಟ್ಲೆಟ್ ಇಳಿಯುತ್ತಾ ಅದು ಏರುತ್ತಾ ಹೋದರೆ ರಕ್ತ ಗಟ್ಟಿಯಾಗುತ್ತಿದೆ, ಸೋರಿಕೆ ಇದೆ ಎಂದು ಅರ್ಥ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ನೋವಿನ ಇಂಜೆಕ್ಷನ್ ಕೇಳಿದರೆ ಕೊಡುವುದಿಲ್ಲ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಥರದವು ಡೆಂಗ್ಯೂವಿನಲ್ಲಿ ರಕ್ತಸ್ರಾವ ಜಾಸ್ತಿ ಮಾಡಬಹುದು. ಇಂಜೆಕ್ಷನ್ ಕೊಡದ ಡಾಕ್ಟರು ಎಂಥ ಡಾಕ್ಟರು ಎಂದು ಬೇರೆ ಕಡೆ ಹೋದವರೂ ಇದ್ದಾರೆ.

ಈ ಕ್ಲಿನಿಕ್ಕಿನ ನಿಜವಾದ ಸರಕು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕೇಸ್ ಪೇಪರಿನ ಹಿಂಬದಿ ತೋರಿಸುತ್ತೇನೆ. ಮುಂದೆ ಔಷಧ, ಹಿಂದೆ ಮೂರು ನಾಲ್ಕು ಸಾಲು. ನಮ್ಮವರಿಗೆ ಕನ್ನಡದಲ್ಲಿ, ಬೇರೆಯವರಿಗೆ ಮರಾಠಿ ಅಥವಾ ಹಿಂದಿಯಲ್ಲಿ, ತಮ್ಮ ಕೈಯಿಂದಲೇ ಬರೆಯುತ್ತಾರೆ. ಮೇಲೆ "ಇವು ಆದರೆ ಕಾಯಬೇಡ" ಎಂದು ಗೆರೆ ಎಳೆದಿರುತ್ತದೆ. ಅದರ ಕೆಳಗೆ ಆ ರೋಗಿಗೆ, ಆ ಕಾಯಿಲೆಗೆ ಬೇಕಾದದ್ದು. ಅಚ್ಚು ಹಾಕಿಸಿದ ಕಾಗದ ಅಲ್ಲ. ಬರೆದು ಕೊಟ್ಟು ಸುಮ್ಮನಾಗುವುದೂ ಇಲ್ಲ. "ಏನಾದ್ರೆ ಬರ್ತೀಯಾ, ಹೇಳು ನೋಡೋಣ" ಎಂದು ಹುಡುಗನ ಬಾಯಿಂದಲೇ ಹೇಳಿಸುತ್ತಾರೆ. ಅವನು ತಪ್ಪಿದರೆ ಮತ್ತೆ ಹೇಳುತ್ತಾರೆ. ಕೊನೆಗೆ ಎಷ್ಟು ದಿನದಲ್ಲಿ ಗುಣ ಆಗಬೇಕು ಎಂಬುದೂ ಇರುತ್ತದೆ. ಐದು ದಿನದಲ್ಲಿ ಹೋಗಬೇಕಾದ ಕೆಮ್ಮು ಎರಡು ವಾರ ಆದರೂ ಹೋಗದಿದ್ದರೆ ಅದೇ ಔಷಧ ಮೆಡಿಕಲ್‌ನಲ್ಲಿ ಮತ್ತೆ ತೆಗೆದುಕೊಳ್ಳುವಂತಿಲ್ಲ, ವಾಪಸ್ ಬರಬೇಕು.

ಎರಡು ವಾರದ ಕೆಮ್ಮು ಎಂದ ಕೂಡಲೇ ಟಿಬಿ. ಒಂದು ಖೋಲಿಯಲ್ಲಿ ಎಂಟು ಹತ್ತು ಜನ ಮಲಗುವ ನಮ್ಮಂಥ ಕಡೆ ಇದು ದೊಡ್ಡ ವಿಷಯ. ತೂಕ ಇಳಿದಿದೆಯಾ, ಸಂಜೆ ಜ್ವರ ಬರುತ್ತದಾ, ರಾತ್ರಿ ಬೆವರಿ ದಿಂಬು ಒದ್ದೆಯಾಗುತ್ತದಾ ಎಂದು ಕೇಳುತ್ತಾರೆ. ಪ್ಯಾಂಟಿನ ಬೆಲ್ಟ್ ಎಷ್ಟನೇ ತೂತಿಗೆ ಬಂದಿದೆ ಎಂದೂ ಕೇಳುತ್ತಾರೆ. ತೂಕ ಯಾರಿಗೂ ನೆನಪಿರುವುದಿಲ್ಲ, ಬೆಲ್ಟ್ ನೆನಪಿರುತ್ತದೆ. ಕಫದ ಪರೀಕ್ಷೆ, ಔಷಧ ಎಲ್ಲ ಸರಕಾರಿ ಕೇಂದ್ರದಲ್ಲಿ ಪುಕ್ಕಟೆ. ಹೊಸ ಯಂತ್ರದಲ್ಲಿ ಕೆಲವೇ ಗಂಟೆಯಲ್ಲಿ ಟಿಬಿ ಇದೆಯಾ, ಮುಖ್ಯ ಔಷಧಕ್ಕೆ ಬಗ್ಗುತ್ತದಾ ಎರಡೂ ಗೊತ್ತಾಗುತ್ತದೆ. ಚಿಕಿತ್ಸೆ ನಡೆಯುವಷ್ಟು ತಿಂಗಳು ಊಟಕ್ಕೆಂದು ಸರಕಾರ ಖಾತೆಗೆ ದುಡ್ಡು ಹಾಕುತ್ತದೆ. ಮೊದಲು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1000. ಕೆಲಸ ಹೋಗುತ್ತದೆ ಎಂಬ ಹೆದರಿಕೆಯಿಂದ ಮುಚ್ಚಿಡುವ ಹುಡುಗರಿಗೆ ಇದನ್ನೆಲ್ಲ ಅವರೇ ಕೂರಿಸಿ ಹೇಳುತ್ತಾರೆ. ಮಾಲಿಕರಿಗೂ ಫೋನ್ ಮಾಡಿ ಕೆಲಸದಿಂದ ತೆಗೆಯಬೇಡಿ ಎಂದು ಕೇಳಿಕೊಂಡದ್ದು ನನಗೆ ಗೊತ್ತು.

ಬೆನ್ನುನೋವಿಗೆ ಅವರು ಕೇಳುವ ಪ್ರಶ್ನೆಗಳು ಹುಡುಗರಿಗೆ ಮುಜುಗರ. ರುಬ್ಬಿದ ಹಿಟ್ಟಿನ ಪಾತ್ರೆ ಎತ್ತಿ ಬೆನ್ನು ಹಿಡಿದ ಒಬ್ಬನಿಗೆ, "ಸೈಕಲ್ ಸೀಟು ತಾಗುವ ಜಾಗ ಜೋಮು ಹಿಡಿದಿದೆಯಾ? ಮೂತ್ರ ಕಟ್ಟುತ್ತಾ? ಇಲ್ಲ ಗೊತ್ತಿಲ್ಲದೆ ಹೋಗುತ್ತಾ?" ಎಂದು ಕೇಳಿದರು. ಅವನು ಕಿವಿವರೆಗೂ ಕೆಂಪಾದ. ಯಾಕೆ ಕೇಳಿದರೆಂದು ಆಮೇಲೆ ಹೇಳಿದರು. ಬೆನ್ನಿನ ಕೆಳಭಾಗದ ನರಗಳ ಗೊಂಚಲು ಅಮುಕಿದರೆ ಹೀಗಾಗುತ್ತದೆ, ಕೂಡಲೇ ಆಪರೇಷನ್ ಆಗದಿದ್ದರೆ ಮೂತ್ರದ ಹಿಡಿತ ಮತ್ತೆ ಬಾರದೆಯೂ ಹೋಗಬಹುದು. ಅವನಿಗೆ ಅಂಥದ್ದೇನೂ ಇರಲಿಲ್ಲ. ಆದರೆ ಚೀಟಿಯ ಹಿಂದೆ ಬರೆದು ಕೊಟ್ಟರು. ಬೆನ್ನುನೋವಿನ ಜೊತೆ ಜ್ವರ, ತೂಕ ಇಳಿದದ್ದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೆ ಸುಮ್ನೆ ಬಾಮ್ ಹಚ್ಚಿ ಕೂರಬಾರದು, ಬೆನ್ನುಮೂಳೆಗೂ ಟಿಬಿ ಬರುತ್ತದೆ.

ತಲೆನೋವಿಗೆ ಪ್ರಶ್ನೆ ಕಡಿಮೆ. ಒಮ್ಮೆಲೇ ಬಂತಾ, ಜೀವನದಲ್ಲೇ ಇಂಥದ್ದು ಬಂದಿಲ್ಲ ಎನ್ನುವಂಥದ್ದಾ? ಜ್ವರ ಇದ್ದು ಕುತ್ತಿಗೆ ಬಗ್ಗುತ್ತಿಲ್ಲವಾ? ಐವತ್ತರ ಮೇಲೆ ಹೊಸದಾಗಿ ಶುರುವಾದದ್ದಾ? ಬಾಯಿ ಸೊಟ್ಟಗಾಯಿತಾ, ಕೈ ಎತ್ತಲು ಆಗುತ್ತಿಲ್ಲವಾ, ಮಾತು ತೊದಲುತ್ತದಾ? ಕೊನೆಯದು ಸ್ಟ್ರೋಕಿನದು. ಅದಕ್ಕೆ ಅವರ ಹತ್ತಿರ ಬರುವುದೂ ಬೇಡ, ನೇರ ದೊಡ್ಡಾಸ್ಪತ್ರೆಗೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು ಇದೆ. ಅದು ಲೆಕ್ಕಕ್ಕೆ ಬರುವುದು ರೋಗಿ ಕೊನೆಯ ಸಲ ಸರಿ ಇದ್ದ ಹೊತ್ತಿನಿಂದ. ಹಾಗಾಗಿ ಆ ಹೊತ್ತು ಗಡಿಯಾರ ನೋಡಿ ನೆನಪಿಟ್ಟುಕೊಳ್ಳಿ ಎನ್ನುತ್ತಾರೆ.

ಬಾಯಿ ತೆರೆಸಿ ನೋಡದೆ ಯಾವ ಹುಡುಗನನ್ನೂ ಬಿಡುವುದಿಲ್ಲ. ಅವನದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತದಾ ನೋಡಿಸುತ್ತಾರೆ. ಗುಟ್ಕಾ, ಅಡಿಕೆ ತಿಂದು ಕೆನ್ನೆ ಒಳಗಿನಿಂದ ಬಿಗಿದವರಿಗೆ ಹೋಗುವುದಿಲ್ಲ. ಮಹಾರಾಷ್ಟ್ರದಲ್ಲಿ 2012ರಿಂದ ಗುಟ್ಕಾ ಬಂದ್, ಆದರೂ ಜೇಬಿನಲ್ಲಿ ಪುಡಿಕೆ ಸಿಗುತ್ತದೆ. ಮೂರು ವಾರಕ್ಕೂ ವಾಸಿಯಾಗದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಕಂಡರೆ ಪರೇಲಿನ ಟಾಟಾ ಆಸ್ಪತ್ರೆಗೆ ಚೀಟಿ. ನೋವಿಲ್ಲದ ಹುಣ್ಣಿಗೆ ಇನ್ನೂ ಬೇಗ, ಯಾಕೆಂದರೆ ನೋವಿಲ್ಲದ್ದನ್ನು ಯಾರೂ ತಾವಾಗಿ ತೋರಿಸಲು ಬರುವುದಿಲ್ಲ.

ಸಂಸಾರ ಇರುವವರಿಗೆ ಒಂದು ಮಾತು. ಮಗುವಿಗೆ ಕೆಮ್ಮು ಎಂದು ಹೋದರೆ ಅವರು ಮೊದಲು ಸ್ಟೆತಸ್ಕೋಪ್ ಇಡುವುದಿಲ್ಲ. ಮಗು ಅಮ್ಮನ ಮಡಿಲಲ್ಲಿ ಸುಮ್ಮನಿರುವಾಗಲೇ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ಅಮ್ಮನಿಗೂ ಎಣಿಸಲು ಕಲಿಸುತ್ತಾರೆ. ಎರಡು ತಿಂಗಳ ಒಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಇಷ್ಟಕ್ಕೆ ಮುಟ್ಟಿದರೆ ಅಥವಾ ದಾಟಿದರೆ ನ್ಯುಮೋನಿಯಾ ಇರಬಹುದು. ಉಸಿರು ಎಳೆಯುವಾಗ ಪಕ್ಕೆಲುಬಿನ ಕೆಳಗೆ ಒಳಕ್ಕೆ ಸೆಳೆದರೆ, ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ಕಕ್ಕಿದರೆ, ಫಿಟ್ಸ್ ಬಂದರೆ ಎಣಿಸುತ್ತಾ ಕೂರುವುದೂ ಬೇಡ. ಧಾರಾವಿಯ ಒಬ್ಬ ತಾಯಿ ರಾತ್ರಿ ಎಣಿಸಿ, ಜಾಸ್ತಿ ಇದೆ ಎಂದು ಸಯನ್‌ಗೆ ಮಗು ಎತ್ತಿಕೊಂಡು ಹೋದದ್ದನ್ನು ಮರುವಾರ ಬೆಂಚಿನಲ್ಲಿ ಎಲ್ಲರಿಗೂ ಹೇಳುತ್ತಿದ್ದಳು. ಮಗು ಅವಳ ಬಳೆ ಎಳೆಯುತ್ತಾ ಆಡುತ್ತಿತ್ತು.

ಕೊರತೆಗಳನ್ನೂ ಹೇಳಲೇಬೇಕು. ಕಾಯುವುದು ಬಹಳ. ಒಬ್ಬೊಬ್ಬರನ್ನು ಇಷ್ಟು ನೋಡಿದರೆ ಹೊರಗಿದ್ದವರಿಗೆ ತಡ ಆಗಿಯೇ ಆಗುತ್ತದೆ. ಸಂಜೆ ಹೋದರೆ ಹೋಟೆಲಿನ ರಷ್ ಹೊತ್ತು ತಪ್ಪಿಹೋಗುತ್ತದೆ. ಬೆಂಚು ಒಂದೇ, ಮಳೆ ಬಂದರೆ ಅರ್ಧ ಜನ ಎದುರಿನ ಅಂಗಡಿಯ ಮಾಡಿನ ಕೆಳಗೆ ನಿಲ್ಲಬೇಕು. ಬಾಗಿಲಿನ ಮೆಟ್ಟಿಲು ಎತ್ತರ, ಮೊಣಕಾಲು ನೋವಿನವರನ್ನು ಇಬ್ಬರು ಹಿಡಿದು ಹತ್ತಿಸಬೇಕು. ಇದನ್ನು ಅವರು ಸರಿ ಮಾಡಿಸಬೇಕು, ನಾನು ಅವರಿಗೂ ಹೇಳಿದ್ದೇನೆ.

ಇನ್ನೊಂದು ದೂರು ನಮ್ಮ ಹುಡುಗರದ್ದು. ಸುಮ್ನೆ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ, ಹೋಗಿ ನೋಡಿದರೆ ಏನೂ ಇರುವುದಿಲ್ಲ, ಪಗಾರ ಹೋಯಿತು ಎಂದು. ಇದು ಸುಳ್ಳಲ್ಲ. ಎದೆನೋವು ಎಂದು ಕಳಿಸಿದ ಇಬ್ಬರಿಗೆ ಏನೂ ಇಲ್ಲ ಎಂದು ಬಂತು, ದಿನವಿಡೀ ಅಲ್ಲೇ ಕಳೆಯಿತು. ದಿನಗೂಲಿಯವನಿಗೆ ಅದು ಚಿಕ್ಕ ಪೆಟ್ಟಲ್ಲ. ಆದರೂ ನಾನು ಡಾಕ್ಟರಮ್ಮನ ಪರ. ಸಂಶಯ ಇದ್ದಾಗ ಕಳಿಸದ ಡಾಕ್ಟರು ಇಂಥ ಹತ್ತು ಜನರ ದಿನ ಉಳಿಸಿ ನಮ್ಮ ಭಟ್ಟರಂಥ ಒಬ್ಬರನ್ನು ಕಳೆಯುತ್ತಾರೆ. ನಮ್ಮಲ್ಲಿ ಮಾಲಿಕರ ಹತ್ತಿರ ಮಾತಾಡಿ, ಚೀಟಿ ಕೊಟ್ಟು ಕಳಿಸಿದ ದಿನದ ಪಗಾರ ಕತ್ತರಿಸುವುದಿಲ್ಲ ಎಂದು ಮಾಡಿಸಿದ್ದೇನೆ. ಬೇರೆ ಹೋಟೆಲಿನ ಮ್ಯಾನೇಜರುಗಳೂ ಇಷ್ಟು ಮಾಡಿದರೆ ಹುಡುಗರು ನೋವು ಮುಚ್ಚಿಡುವುದು ನಿಲ್ಲುತ್ತದೆ. ದಯವಿಟ್ಟು ಮಾಡಿ.

ಫೀಸು 200 ರೂಪಾಯಿ, ಇಸಿಜಿಗೆ ಬೇರೆ. ಯುಪಿಐ ನಡೆಯುತ್ತದೆ. ದುಡ್ಡಿಲ್ಲ ಎಂದರೆ ಹೊರಗೆ ಹಾಕುವುದಿಲ್ಲ, ಬಾಯಿ ವಹಿಯಲ್ಲಿ ಬರೆದುಕೊಳ್ಳುತ್ತಾರೆ. ಬೆಳಿಗ್ಗೆ 10ರಿಂದ 1, ಸಂಜೆ 6ರಿಂದ 9. ಭಾನುವಾರ ಪೂರ್ತಿ ರಜೆ, ಗುರುವಾರ ಸಂಜೆ ಇರುವುದಿಲ್ಲ. ಬೆಳಿಗ್ಗೆ ತಿಂಡಿ ರಷ್ ಮುಗಿದ ಕೂಡಲೇ ಹೋಗಿ ನಂಬರ್ ಹಚ್ಚಿದರೆ ಬೇಗ ಆಗುತ್ತದೆ. ಸುಳ್ಳು ಸರ್ಟಿಫಿಕೇಟ್ ಕೇಳಬೇಡಿ, ಕೊಡುವುದಿಲ್ಲ.

ಮೊದಲ ಸಲ ಹೋಗುವವರು ತಿನ್ನುತ್ತಿರುವ ಮಾತ್ರೆಗಳ ಸ್ಟ್ರಿಪ್ ಜೇಬಿನಲ್ಲಿ ಹಾಕಿಕೊಳ್ಳಿ. ಊರಿನ ಕಷಾಯ, ಮೆಡಿಕಲ್‌ನವರು ಕೊಟ್ಟ ನೋವಿನ ಮಾತ್ರೆ, ಯಾವುದನ್ನೂ ಮುಚ್ಚಿಡಬೇಡಿ. ಹಳೆಯ ಇಸಿಜಿ ಇದ್ದರೆ ಅದನ್ನು ಖಂಡಿತ ತೆಗೆದುಕೊಂಡು ಹೋಗಿ, ಹೊಸದರ ಪಕ್ಕ ಇಟ್ಟು ನೋಡಲು ಬೇಕಾಗುತ್ತದೆ. ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ ಚೀಟಿಯ ಹಿಂದೆ ಬರೆದದ್ದು ಏನಾದರೂ ಆದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಚೀಟಿ ಕೈಯಲ್ಲೇ ಇರಲಿ.